ಪುಟ್ಟಾ, ನಿನ್ನ ಆ ಒಂದು ಸಾಲು

ಪುಟ್ಟಾ,

ನಿನ್ನ ಮೆಸೇಜ್ ಓದ್ದೆ. ಮನೆ ವಿಷ್ಯ ನಿಮ್ಮಮ್ಮ ಹೇಳೇ ಇರ್ತಾಳೆ, ಅದು ಬಿಡು. ಹೆಸರು ಹೇಳದೇ ಏನ್ ಬೇಕಾದ್ರೂ ಬರೆದು ಹಾಕೋ ಕಾಲೇಜಿನ ಕನ್ಫೆಷನ್ ಪೇಜಿಗೆ ಆ ಹುಡುಗಿನ ಗೇಲಿ ಮಾಡಿ ನೀನೂ ಒಂದು ಬರೆದು ಕಳ್ಸಿದೆ ಅಂದ್ಯಲ್ಲ, "ಯಾರು ಕಳ್ಸಿದ್ದು ಅಂತ ಯಾರಿಗೂ ಗೊತ್ತಾಗಲ್ಲ ಮಾವ" ಅಂತ, ಅದನ್ನ ಓದಿದಾಗಿಂದ ನಂಗೆ ಸಮಾಧಾನ ಇಲ್ಲ ಕಣೋ.

ಪೊಲೀಸರು ಕೈ ಹಾಕಿದ್ರೆ ಅಕೌಂಟ್ ಯಾರದ್ದು ಅಂತ ಹೊರಗೆ ಬರ್ಬೋದು, ಅದನ್ನ ಹೇಗೋ ನೋಡ್ಕೊಳ್ಳೋಣ. ಗೊತ್ತಾಗಲ್ಲ ಅನ್ನೋ ಧೈರ್ಯ ನಿಂಗೆ ಬಂತಲ್ಲ, ನಂಗೆ ಹೆದರಿಕೆ ಅದರದ್ದೇ.

ಸೈಕಾಲಜಿ ಪಾಠ ಮಾಡ್ತಿದ್ದಾಗ ಜಾನ್ ಸುಲರ್ ಅನ್ನೋ ಸೈಕಾಲಜಿಸ್ಟು 2004ರಲ್ಲಿ ಬರೆದಿದ್ದನ್ನ ಹುಡುಗ್ರಿಗೆ ಹೇಳ್ತಿದ್ದೆ, ನಮ್ಮ ಹೆಸರು ಮರೆಯಾಗಿ ಎದುರಿನವರ ಮುಖಾನೂ ಕಾಣದೇ ಹೋದ್ರೆ ನಾಲಿಗೆಗಿರೋ ಕಡಿವಾಣ ಸಡಿಲ ಆಗುತ್ತೆ ಅಂತ. ಎದುರು ನಿಂತು ಅಂದಿದ್ರೆ ಅವಳ ಕಣ್ಣು ತುಂಬ್ಕೊಂಡಾಗ್ಲೇ ನಿನ್ನ ಮಾತು ನಿಂತೋಗ್ತಿತ್ತು, ಫೋನಲ್ಲಿ ನಿಂಗೆ ಕಂಡಿದ್ದು ಬರೀ ನಗೋ ಎಮೋಜಿ. ಆಮೇಲೆ ಮನಸ್ಸು ಸಮಜಾಯಿಷಿ ಹುಡುಕುತ್ತೆ, ಜೋಕ್ ಅಷ್ಟೇ, ಎಲ್ರೂ ಹಾಕಿದ್ರು, ಅವ್ಳೇ ಓವರ್ ಆಡ್ತಾಳೆ. ಈ ಮೂರೂ ನಿನ್ನ ಮೆಸೇಜಲ್ಲಿದೆ ನೋಡು. ಆಲ್ಬರ್ಟ್ ಬಂಡೂರ ಅನ್ನೋ ಇನ್ನೊಬ್ಬ ಸೈಕಾಲಜಿಸ್ಟು ಮಾರಲ್ ಡಿಸ್‌ಎಂಗೇಜ್‌ಮೆಂಟ್ ಅಂದಿದ್ದು ಇದನ್ನೇ.

ನಾನು ಓದ್ತಿದ್ದಾಗ ನಮ್ಮ ಹಾಸ್ಟೆಲ್ ನೋಟಿಸ್ ಬೋರ್ಡಲ್ಲಿ ಬೆಳಗಾದ್ರೆ ಹೆಸರಿಲ್ಲದ ಚೀಟಿ ಅಂಟಿರ್ತಿತ್ತು, ಮಾತು ತೊದಲ್ತಿದ್ದ ಒಬ್ಬ ಹುಡುಗನ ಬಗ್ಗೆ. ಬರೀತಿದ್ದೋನು ನನ್ನ ರೂಮ್‌ಮೇಟೇ, ಬಲು ಮೆತ್ತಗಿನ ಹುಡುಗ, ಹಿಂದಿನ ವರ್ಷ ರ್ಯಾಗಿಂಗಲ್ಲಿ ಸೀನಿಯರ್ಸು ಅವನನ್ನೇ ಅಳಿಸಿದ್ರು. ಅಕ್ಷರ ಗುರುತು ಸಿಗಬಾರ್ದು ಅಂತ ಎಡಗೈಯಲ್ಲಿ ಬರೀತಿದ್ದ. ಆ ತೊದಲೋ ಹುಡುಗ ಆಮೇಲಾಮೇಲೆ ಅಟೆಂಡೆನ್ಸಿಗೂ ಬಾಯಿ ಬಿಡ್ದೇ ಕೈ ಮಾತ್ರ ಎತ್ತೋನು. ರೂಮ್‌ಮೇಟ್ ಹತ್ರ ಕೂತು "ನಿಂಗೇನಾಗಿದೆಯೋ" ಅಂತ ಕೇಳೋಣ ಅಂದ್ಕೊಳ್ಳೋ ಅಷ್ಟರಲ್ಲಿ ವರ್ಷ ಮುಗ್ದೋಯ್ತು. ಈಗ್ಲೂ ಕೊರೆಯುತ್ತೆ ಅದು.

ಅದಕ್ಕೇ ನಿನ್ನ ಕೇಳ್ತಿದೀನಿ, ನಿಂಗೇನಾಗಿದೆ ಪುಟ್ಟಾ? ಫಸ್ಟ್ ಇಯರಲ್ಲಿ ನಿನ್ನ ಗ್ರೂಪಿಂದ ತೆಗ್ದಾಕಿದ್ರು ಅಂತ ಒಂದ್ಸಲ ಹೇಳಿದ್ದೆ. ಅವರ ಜೊತೆ ಸೇರ್ಕೊಳ್ಳೋಕೇ ಇದನ್ನ ಬರೆದ್ಯಾ?

ಇಷ್ಟು ದೂರದಿಂದ ಬುದ್ಧಿ ಹೇಳೋದು ಸುಲಭ, ಬೇಜಾರಾಗ್ಬೇಡ. ಮೊದ್ಲು ಆ ಪೋಸ್ಟ್ ತೆಗೆಸು. ಆಮೇಲೆ ಅವಳ ಹತ್ರ ನಿನ್ನ ಹೆಸರು ಹೇಳ್ಕೊಂಡೇ ಸಾರಿ ಕೇಳು, ಕಷ್ಟ ಅಂತ ಗೊತ್ತು ನಂಗೆ. ನಿದ್ದೆ ಬರ್ತಿಲ್ಲ ಅಂದಿದ್ಯಲ್ಲ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ಅದು ಬೇಡ ಅನ್ಸಿದ್ರೆ ನಂಗೇ ಫೋನ್ ಮಾಡು, ಎಷ್ಟೊತ್ತಾದ್ರೂ ಎತ್ಕೋತೀನಿ.

ನಿನ್ನ ಮಾವ