ಷೇರು ಕೊಟ್ಟರೆಂದು ಸಹಿ ಹಾಕುವ ಮುನ್ನ

ಚಿ. ಪುಟ್ಟಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮೊನ್ನೆ ನೀನು ಫೋನಿಟ್ಟ ಮೇಲಿಂದ ಅದೇ ಯೋಚನೆ ತಲೆಯಲ್ಲಿ ಸುತ್ತುತ್ತಿದೆ. ಸಂಬಳದ ಜೊತೆ ಷೇರೂ ಕೊಡುತ್ತಾರೆ ಎಂದು ನೀನು ಹೇಳುವಾಗ ದನಿಯಲ್ಲಿದ್ದ ಹಿಗ್ಗು ನನಗೂ ತಾಗಿತು. ಆದರೆ ಕೊನೆಯಲ್ಲಿ ಇನ್ನೊಂದು ಮಾತು ಹೇಳಿದೆಯಲ್ಲ: "ಷೇರು ತಗೊಂಡ ಮೇಲೆ ನೀವೆಲ್ಲ ಪಾಲುದಾರರು, ನೌಕರರ ಕಾನೂನು ನಿಮಗೆ ಬರೋದಿಲ್ಲ" ಎಂದು ಮ್ಯಾನೇಜರು ಹೇಳಿದರು ಅಂತ. ಅದಕ್ಕೇ ಈ ಕಾಗದ. ಸಹಿ ಹಾಕುವ ಮುನ್ನ ಎರಡು ಸಲ ಓದು.

ಆ ಮಾತು ತಪ್ಪು ಮಗಳೇ. ಷೇರುದಾರಳಾಗುವುದು ಒಂದು ಸಂಬಂಧ, ನೌಕರಳಾಗುವುದು ಬೇರೆಯೇ ಸಂಬಂಧ. ಎರಡೂ ಒಬ್ಬಳಲ್ಲೇ ಇರಬಹುದು. ಒಂದು ಬಂತೆಂದು ಇನ್ನೊಂದು ಅಳಿಸಿಹೋಗುವುದಿಲ್ಲ.

ಇದನ್ನು ಕಲಿಸಿದ ಮೊಕದ್ದಮೆಯೊಂದಿದೆ. ನ್ಯೂಜಿಲೆಂಡಿನಲ್ಲಿ ಜೆಫ್ರಿ ಲೀ ಎಂಬ ಪೈಲಟ್ ಇದ್ದ. ವಿಮಾನದಿಂದ ಹೊಲಗಳ ಮೇಲೆ ಗೊಬ್ಬರ ಚೆಲ್ಲುವುದು ಅವನ ಕಸುಬು. 1954ರಲ್ಲಿ ಅದಕ್ಕೊಂದು ಕಂಪನಿ ಕಟ್ಟಿದ. ಒಟ್ಟು 3,000 ಷೇರುಗಳಲ್ಲಿ 2,999 ಅವನವೇ. ಕಂಪನಿ ನಡೆಸುವ ನಿರ್ದೇಶಕ ಅವನೇ, ಸಂಬಳಕ್ಕಿದ್ದ ಮುಖ್ಯ ಪೈಲಟ್ಟೂ ಅವನೇ. 1956ರಲ್ಲಿ ಕೆಲಸದಲ್ಲಿದ್ದಾಗಲೇ ವಿಮಾನ ಬಿದ್ದು ಸತ್ತ. ಹೆಂಡತಿ ಕಾರ್ಮಿಕ ಪರಿಹಾರ ಕೇಳಿದಳು. ಅಪ್ಪಣೆ ಕೊಡುವವನೂ ಪಾಲಿಸುವವನೂ ಒಬ್ಬನೇ ಆದಮೇಲೆ ನೌಕರ ಯಾರು ಎಂದು ಅಲ್ಲಿನ ಮೇಲ್ಮನವಿ ನ್ಯಾಯಾಲಯ ಕೇಳಿತು, ಪರಿಹಾರ ಇಲ್ಲವೆಂದಿತು. ಆಕೆ ಬಿಡಲಿಲ್ಲ. ವ್ಯಾಜ್ಯ ಆಗ ನ್ಯೂಜಿಲೆಂಡಿನವರಿಗೆ ಕೊನೆಯ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. 1960ರಲ್ಲಿ ಅಲ್ಲಿ ತೀರ್ಪು ತಿರುಗಿತು. ಕಂಪನಿಯೇ ಒಬ್ಬ ವ್ಯಕ್ತಿ, ಲೀ ಇನ್ನೊಬ್ಬ ವ್ಯಕ್ತಿ. ಕಂಪನಿಯ ಪರವಾಗಿ ಅಪ್ಪಣೆ ಕೊಟ್ಟವನು ನಿರ್ದೇಶಕ ಲೀ, ವಿಮಾನ ಹಾರಿಸಿದವನು ನೌಕರ ಲೀ. ಆದ್ದರಿಂದ ಪರಿಹಾರ ಸಲ್ಲಬೇಕು ಎಂದರು. ಒಂದು ಷೇರು ಬಿಟ್ಟು ಮಿಕ್ಕೆಲ್ಲವನ್ನೂ ಹಿಡಿದಿದ್ದವನೇ ನೌಕರನಾಗಿ ಉಳಿದ ಮೇಲೆ, ಸಾವಿರದಲ್ಲಿ ಒಂದು ಪಾಲೂ ಇಲ್ಲದ ನೀನು ಹೇಗೆ ನೌಕರಳಲ್ಲ?

ನ್ಯಾಯಾಲಯಗಳು ಕಣ್ಣುಮುಚ್ಚಿಕೊಂಡು ಹೀಗೆ ಹೇಳುವುದಿಲ್ಲ ಎನ್ನುವುದೂ ನಿನಗೆ ಗೊತ್ತಿರಲಿ. ಹಿಡಿತವೆಲ್ಲ ತನ್ನ ಕೈಯಲ್ಲೇ ಇರುವವನು ನೌಕರನೆಂದು ಹೇಳಿಕೊಂಡರೆ, ಕರಾರು ನಿಜವಾದದ್ದೋ ತೋರಿಕೆಯದೋ ಎಂದು ತಡಕಿ ನೋಡುತ್ತಾರೆ. 2009ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಅದನ್ನೇ ಹೇಳಿತು: ಷೇರಿನ ಹಿಡಿತವೊಂದೇ ಕಾರಣಕ್ಕೆ ನೌಕರಿ ಸುಳ್ಳಾಗದು, ನಡೆದುಕೊಂಡ ರೀತಿ ನೋಡಬೇಕು. ಇನ್ನು "ಪಾಲುದಾರ" ಎಂಬ ಪದದ ಬಗ್ಗೆ ಎಚ್ಚರ. ಪಾಲುದಾರಿಕೆ ಸಂಸ್ಥೆಯ ಪಾಲುದಾರನೇ ಬೇರೆ, ಕಂಪನಿಯ ಷೇರುದಾರನೇ ಬೇರೆ. ಸಂಸ್ಥೆಯ ಸಾಲಕ್ಕೆ ಪಾಲುದಾರ ಸಾಮಾನ್ಯವಾಗಿ ತಾನೇ ಹೊಣೆ, ತನ್ನ ಸಂಸ್ಥೆಯಲ್ಲಿ ತಾನು ನೌಕರ ಎನ್ನುವುದೂ ಅವನಿಗೆ ಕಷ್ಟ. ನಿನಗೆ ಕೊಡುತ್ತಿರುವುದು ಷೇರು. "ಪಾಲುದಾರ" ಎಂಬ ಪದ ಕರಾರಿನಲ್ಲಿ ಎಲ್ಲಾದರೂ ನುಸುಳಿದ್ದರೆ ಹೊಡೆದುಹಾಕಿಸು.

ಷೇರು ಕೊಟ್ಟು ಹಕ್ಕು ಕಿತ್ತುಕೊಳ್ಳುವ ಪ್ರಯತ್ನ ನಡೆದೇ ಇಲ್ಲವೇ ಎಂದರೆ, ನಡೆದಿದೆ. ಬ್ರಿಟನ್ನಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ 2012ರಲ್ಲಿ ಈ ಯೋಚನೆ ತಂದರು. ಕನಿಷ್ಠ 2,000 ಪೌಂಡ್ ಬೆಲೆಯ ಷೇರು ಪಡೆದವನು ಅನ್ಯಾಯದ ವಜಾ ಪ್ರಶ್ನಿಸುವ ಸಾಮಾನ್ಯ ಹಕ್ಕನ್ನು, ಹುದ್ದೆ ರದ್ದಾದಾಗ ಬರುವ ಶಾಸನಬದ್ಧ ಪರಿಹಾರವನ್ನು ಬಿಟ್ಟುಕೊಡಬೇಕು. ಬದಲಿಗೆ ತೆರಿಗೆ ರಿಯಾಯಿತಿ. ಅಲ್ಲಿನ ಮೇಲ್ಮನೆ ಇದನ್ನು ಪದೇ ಪದೇ ತಿರಸ್ಕರಿಸಿತು. ಕೊನೆಗೆ ಒಂದಷ್ಟು ಷರತ್ತು ಸೇರಿಸಿದ ಮೇಲಷ್ಟೇ ಒಪ್ಪಿತು. ಏನು ಬಿಟ್ಟುಕೊಡುತ್ತಿದ್ದೀಯ ಎಂದು ಬರೆದು ಕೊಡಬೇಕು, ಹೊರಗಿನ ವಕೀಲರ ಸಲಹೆಗೆ ಕಂಪನಿಯೇ ದುಡ್ಡು ಕೊಡಬೇಕು, ಸಲಹೆ ಸಿಕ್ಕ ಮೇಲೂ 7 ದಿನ ಯೋಚಿಸಲು ಬಿಡಬೇಕು. 2013ರ ಸೆಪ್ಟೆಂಬರ್ 1ರಿಂದ ಕಾನೂನು ಜಾರಿಗೆ ಬಂತು. ಆಗಲೂ ಲಿಂಗ, ಜನಾಂಗದ ತಾರತಮ್ಯದ ವಿರುದ್ಧದ ಹಕ್ಕನ್ನು ಮಾರಲು ಬಿಡಲಿಲ್ಲ. ಇದು ಹೆಚ್ಚಾಗಿ ತೆರಿಗೆ ಉಳಿಸುವ ದಾರಿಯಾಗಿದೆ ಎಂದು ಸರ್ಕಾರವೇ ಒಪ್ಪಿಕೊಂಡು 2016ರ ಡಿಸೆಂಬರಿನಿಂದ ಹೊಸಬರಿಗೆ ರಿಯಾಯಿತಿ ನಿಲ್ಲಿಸಿತು. ನೋಡು, ಆ ಹಕ್ಕು ತೆಗೆಯಲು ಒಂದು ಸಂಸತ್ತೇ ಶಾಸನ ಮಾಡಬೇಕಾಯಿತು, ಅದೂ ಇಷ್ಟೆಲ್ಲ ಕಟ್ಟುಪಾಡು ಹಾಕಿ. ನಿನ್ನ ಮ್ಯಾನೇಜರು ಬಾಯಿಮಾತಲ್ಲಿ ತೆಗೆದುಬಿಟ್ಟರು.

ನನ್ನ ಟ್ರಂಕಿನ ತಳದಲ್ಲಿ ಒಂದು ಷೇರು ಪತ್ರ ಇನ್ನೂ ಇದೆ. ತಿಳಿಗುಲಾಬಿ ಬಣ್ಣದ ದಪ್ಪ ಕಾಗದ, ಮೂಲೆಯಲ್ಲಿ ಬೆರಳಿಗೆ ತಾಗುವ ಉಬ್ಬು ಮೊಹರು, ನನ್ನ ಹೆಸರಲ್ಲಿ ಒಂದಕ್ಷರ ತಪ್ಪು. ನಾನು ಮೊದಲು ಕೆಲಸಕ್ಕಿದ್ದ ಕಂಪನಿ ಕೊಟ್ಟದ್ದು. ಓವರ್‌ಟೈಮ್ ಕೇಳಿದರೆ "ಒಡೆಯರು ಓವರ್‌ಟೈಮ್ ಕೇಳ್ತಾರೇನ್ರೀ?" ಎನ್ನುತ್ತಿದ್ದರು. ನಾವೂ ಸುಮ್ಮನಾಗುತ್ತಿದ್ದೆವು, ಒಳಗೊಳಗೇ ಹೆಮ್ಮೆ ಕೂಡ ಪಡುತ್ತಿದ್ದೆವು. ಕಂಪನಿ ಮುಚ್ಚಿತು. ನೌಕರರೆಂದು ಅರ್ಜಿ ಹಾಕಿದ್ದಕ್ಕೆ ಬಾಕಿ ಸಂಬಳದಲ್ಲಿ ಒಂದು ಭಾಗ ತಡವಾಗಿಯಾದರೂ ಕೈಸೇರಿತು. ಷೇರಿಗೆ ಬಿಡಿಗಾಸೂ ಬರಲಿಲ್ಲ. ದಿವಾಳಿಯಾದ ಕಂಪನಿಯಲ್ಲಿ ಸಾಲ ಕೊಟ್ಟವರಿಗೆಲ್ಲ ತೀರಿಸಿ ಉಳಿದರೆ ತಾನೇ ಷೇರುದಾರನ ಸರದಿ? ಅನೇಕ ದೇಶಗಳಲ್ಲಿ ಕೂಲಿ ಬಾಕಿಗೆ ಮುಂದಿನ ಸಾಲಿನಲ್ಲೇ ಜಾಗ ಕೊಟ್ಟಿರುತ್ತಾರೆ. ನೌಕರಳೆಂಬ ಹೆಸರು ಬಿಟ್ಟುಕೊಟ್ಟರೆ ಆ ಜಾಗವನ್ನೂ ಬಿಟ್ಟುಕೊಟ್ಟ ಹಾಗೆ. ಸಂಬಳ, ಉಳಿತಾಯ ಎರಡೂ ಒಂದೇ ದಿನ ಹೋದ ಮನೆಗಳನ್ನು ನಾನು ಆಗ ಕಣ್ಣಾರೆ ಕಂಡೆ.

ಹಾಗೆಂದು ಷೇರು ಬೇಡ ಎನ್ನುತ್ತಿಲ್ಲ, ತಗೋ. ಆದರೆ ಸಂಬಳ ಕಡಿಮೆ ಮಾಡಿಕೊಂಡು ತಗೋಬೇಡ. ಷೇರಿನ ಕರಾರಿನಲ್ಲಿ ಕೆಲಸ ಬಿಟ್ಟವರ ಬಗ್ಗೆ ಏನು ಬರೆದಿದೆ ಅಂತ ಮೊದಲು ಹುಡುಕು. ಅವರೇ ತೆಗೆದುಹಾಕಿದರೂ ಷೇರನ್ನು ಮುಖಬೆಲೆಗೆ ವಾಪಸು ಕೊಳ್ಳಬಹುದು ಎಂದಿದ್ದರೆ, ಅದು ನಿನ್ನದಾಗಿಯೂ ನಿನ್ನದಲ್ಲ. ಎಷ್ಟು ವರ್ಷಕ್ಕೆ ಎಷ್ಟು ಕೈಸೇರುತ್ತದೆ, ಮಾರಬೇಕೆಂದರೆ ಕೊಳ್ಳುವವರು ಯಾರು, ತೆರಿಗೆ ಯಾವಾಗ ಬೀಳುತ್ತದೆ, ಇದನ್ನೆಲ್ಲ ಬಾಯಲ್ಲಿ ಕೇಳಬೇಡ, ಮೇಲ್ ಬರೆದು ಉತ್ತರ ತರಿಸಿಕೋ. ನೌಕರರ ಕಾನೂನಿನ ಮಾತನ್ನೂ ಅದರಲ್ಲೇ ಕೇಳು. ಬರೆದು ಕೊಡುತ್ತಾರೋ ಇಲ್ಲವೋ ನೋಡೋಣ.

ನೇಮಕಾತಿ ಪತ್ರ, ಷೇರಿನ ಕರಾರು ಎರಡರ ಪ್ರತಿಯನ್ನೂ ನನಗೆ ಕಳಿಸು. ಒಟ್ಟಿಗೆ ಕೂತು ಸಾಲು ಸಾಲಾಗಿ ಓದೋಣ. ಅಲ್ಲಿಯವರೆಗೆ ಯಾವುದಕ್ಕೂ ಸಹಿ ಹಾಕಬೇಡ, ಎಷ್ಟೇ ಅವಸರ ಮಾಡಲಿ.

ಇಂತಿ ನಿನ್ನ ಪ್ರೀತಿಯ
ದೊಡ್ಡಪ್ಪ