ರಿಲೀಸ್ ಕೊಳ್ಳುವ ಮುನ್ನ ಕೈಗೆ ಹಾಕಿ ನೋಡಿ

ಸಂಪಾದಕರೇ,

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಬಿಲ್ಲುಗಾರಿಕೆಯ (ತುದಿಗಳಲ್ಲಿ ಗಾಲಿಗಳಿರುವ ಬಿಲ್ಲಿನದು) ಮಿಶ್ರ ತಂಡ ಸ್ಪರ್ಧೆ ಸೇರಿದ್ದು ತುಂಬಾ ಖುಷಿಯ ವಿಷಯ. ಹೊಸದಾಗಿ ಮಕ್ಕಳನ್ನು ಈ ಆಟಕ್ಕೆ ಕಳಿಸುವ ಪೋಷಕರಿಗೆ ಒಂದು ಮಾತು. ಬಿಲ್ಲಿಗೆ ದುಡ್ಡು ಸುರಿಯುತ್ತೇವೆ, ಆದರೆ ಹೆದೆಯನ್ನು ಹಿಡಿದೆಳೆದು ಬಿಡಲು ಕೈಗೆ ಹಾಕಿಕೊಳ್ಳುವ ಪುಟ್ಟ ಸಾಧನ, ರಿಲೀಸ್, ಮಾತ್ರ ಅಂಗಡಿಯವರು ಕೊಟ್ಟದ್ದನ್ನೇ ಸುಮ್ನೆ ತರುತ್ತೇವೆ. ನಾವೂ ಹಾಗೇ ಮಾಡಿದೆವು.

ಮಗಳಿಗೆ ತಂದದ್ದು ಮಣಿಕಟ್ಟಿಗೆ ಪಟ್ಟಿ ಕಟ್ಟಿ ತೋರುಬೆರಳಿನಿಂದ ಒತ್ತುವಂಥದ್ದು. ಅವಳ ಕೈಗೆ ಅದು ಉದ್ದ ಜಾಸ್ತಿ. ಬೆರಳ ತುದಿಯಷ್ಟೇ ಟ್ರಿಗರ್‌ಗೆ ತಾಗುತ್ತಿತ್ತು, ಗುರಿಹಲಗೆಯ ನಡುವಿನ ಹಳದಿ ಕಂಡ ಕೂಡಲೇ ಟಕ್ಕನೆ ಒತ್ತುತ್ತಿದ್ದಳು, ಬಿಲ್ಲು ಹಿಡಿದ ಕೈ ಅದುರಿ ಬಾಣ ಎಲ್ಲೋ ಹೋಗುತ್ತಿತ್ತು. 50 ಮೀಟರ್ ದೂರದಲ್ಲಿ 10 ಅಂಕದ ವೃತ್ತದ ಅಗಲ ಬರೀ 8 ಸೆಂ.ಮೀ., ಒಂಚೂರು ಅಲುಗಿದರೂ ಹೋಯಿತು ಅಲ್ವಾ? ಪಟ್ಟಿಯ ಉದ್ದ ತಗ್ಗಿಸಿ, ಬೆರಳ ಮಡಿಕೆ ಟ್ರಿಗರ್ ಸುತ್ತ ಕೂರುವಂತೆ ಮಾಡಿ, ಬೆನ್ನಿನ ಬಲದಿಂದ ಮೊಣಕೈ ಹಿಂದಕ್ಕೆಳೆಯುವುದನ್ನು ಕಲಿತ ಮೇಲೆಯೇ ಬಾಣಗಳು ಒಂದೆಡೆ ಸೇರತೊಡಗಿದವು.

ಕೆಲವರಿಗೆ ಹೆಬ್ಬೆರಳಿನ ಬಟನ್ ಒಗ್ಗುತ್ತದೆ. ಟ್ರಿಗರ್ರೇ ಇಲ್ಲದೆ, ತಿರುಗಿದಾಗ ಬಿಡುವ ಹಿಂಜ್ ರಿಲೀಸ್ ಒತ್ತುವ ಚಟ ಬಿಡಿಸಲು ಒಳ್ಳೆಯದೇ, ಆದರೆ ಎಳೆಯುವಾಗಲೇ ಬಿಟ್ಟುಕೊಂಡರೆ ಮುಷ್ಟಿ ಬಾಯಿಗೆ ಬಡಿಯುತ್ತದೆ. ಮೊದಲು ಬರೀ ಹಗ್ಗದ ಕುಣಿಕೆಗೆ ಹಾಕಿ, ಕೋಚ್ ಎದುರಿಗೇ ಅಭ್ಯಾಸ ಮಾಡಿಸಿ.

ತರಬೇತಿ ಕೇಂದ್ರಗಳು ಮೂರ್ನಾಲ್ಕು ಬಗೆಯ ರಿಲೀಸ್ ಇಟ್ಟುಕೊಂಡು, ಕೊಳ್ಳುವ ಮುನ್ನ ಮಕ್ಕಳಿಗೆ ಹಾಕಿ ನೋಡಲು ಕೊಡಲಿ.

— ಬಿಲ್ಲುಗಾರ್ತಿಯೊಬ್ಬಳ ತಂದೆ, ಮೈಸೂರು