ಅಡುಗೆಮನೆಯ ಗಾಳಿಯೂ ಲೆಕ್ಕಕ್ಕೆ ಬರಲಿ

ಮಾನ್ಯ ಸಂಪಾದಕರೇ,

ವಾಯುಮಾಲಿನ್ಯದ ಮಾತು ಬಂದಾಗಲೆಲ್ಲ ವಾಹನದ ಹೊಗೆ, ಕಾಮಗಾರಿಯ ದೂಳಿನ ಚರ್ಚೆಯೇ ನಡೆಯುತ್ತದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ ಸೇರಿರುವುದು ಸ್ವಾಗತಾರ್ಹವೇ. ಆದರೆ ಅಲ್ಲಿ ಅಳೆಯುವುದು ಹೊರಗಿನ ಗಾಳಿಯನ್ನು. ಗೃಹಿಣಿಯರು, ಹಸುಗೂಸುಗಳು, ಹಾಸಿಗೆ ಹಿಡಿದ ವೃದ್ಧರು ದಿನದ ಬಹುಪಾಲು ಉಸಿರಾಡುವ ಮನೆಯೊಳಗಿನ ಗಾಳಿಯನ್ನು ಅಳೆಯುವವರಿಲ್ಲ.

ಸೌದೆ, ಬೆರಣಿ, ತೆಂಗಿನ ಗರಿಯ ಹೊಗೆಯಲ್ಲಿ ಕಣ್ಣುರಿ ತರಿಸುವ ಅಂಶಕ್ಕಿಂತ ಅಪಾಯಕಾರಿಯಾದದ್ದು 2.5 ಮೈಕ್ರೊಮೀಟರ್‌ಗಿಂತ ಚಿಕ್ಕದಾದ, ಕಣ್ಣಿಗೆ ಕಾಣದ ಕಣ. ಮೂಗು, ಗಂಟಲುಗಳು ತಡೆಯಲಾರದ ಈ ಕಣಗಳು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಇಳಿಯುತ್ತವೆ, ಅವುಗಳಲ್ಲಿ ಅತಿ ಸಣ್ಣವು ರಕ್ತವನ್ನೂ ಸೇರುತ್ತವೆ. ಆದ್ದರಿಂದಲೇ ಹಾನಿಯು ಕೆಮ್ಮು, ಉಬ್ಬಸಕ್ಕೆ ನಿಲ್ಲದೆ ಹೃದಯಾಘಾತ, ಪಾರ್ಶ್ವವಾಯು, ಮಕ್ಕಳ ನ್ಯುಮೋನಿಯಾದವರೆಗೆ ಹಬ್ಬುತ್ತದೆ. ಬೀಡಿಯನ್ನು ಎಂದೂ ಮುಟ್ಟದ ಹಳ್ಳಿಯ ಹೆಂಗಸರಿಗೆ ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಬರುವುದಕ್ಕೆ ಒಲೆಯ ಹೊಗೆ ಮುಖ್ಯ ಕಾರಣಗಳಲ್ಲೊಂದು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ದಿನದ ಸರಾಸರಿಯಲ್ಲಿ ಈ ಕಣಗಳು ಘನ ಮೀಟರ್ ಗಾಳಿಯಲ್ಲಿ 15 ಮೈಕ್ರೊಗ್ರಾಂ ಮೀರಬಾರದೆಂಬುದು ಆ ಸಂಸ್ಥೆಯ 2021ರ ಮಾರ್ಗಸೂಚಿ. ಹೊರಗಿನ ಗಾಳಿಗೆ ನಮ್ಮ ದೇಶದ ಮಿತಿ 60. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಸೌದೆ ಉರಿಯುವಾಗ ಅದು ನೂರಾರು ಮೈಕ್ರೊಗ್ರಾಂ ದಾಟುತ್ತದೆ.

2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸ್ ಬಂದಿತೆಂಬುದು ನಿಜ. ಆದರೂ ಮರುಪೂರಣದ ಬೆಲೆಗೆ ಅಂಜಿ ಮುದ್ದೆಗೆ ಎಸರಿಡುವುದು ಸೌದೆ ಒಲೆಯ ಮೇಲೆಯೇ, ಬಚ್ಚಲ ಹಂಡೆಯ ಕೆಳಗೆ ಉರಿಯುವುದೂ ಸೌದೆಯೇ ಎಂಬ ಮನೆಗಳು ಇನ್ನೂ ಬಹಳ. ಕಿಟಕಿ ಮುಚ್ಚಿ ಸೊಳ್ಳೆಬತ್ತಿ ಹಚ್ಚಿ ಮಲಗುವ ಪಟ್ಟಣದ ಮನೆಗಳೂ ಇದರಿಂದ ಹೊರತಲ್ಲ.

ಹೊಗೆಯನ್ನು ಕೊಳವೆಯ ಮೂಲಕ ಹೊರಹಾಕುವ ಅಸ್ತ್ರ ಒಲೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ದಶಕಗಳ ಹಿಂದೆಯೇ ರೂಪಿಸಿದ್ದಾರೆ. ತಿಳಿವಳಿಕೆ ನಮ್ಮಲ್ಲಿಯೇ ಇದ್ದೂ ಹೊಗೆಗೂಡಿಲ್ಲದ ಅಡುಗೆಕೋಣೆಗಳು ಏಳುತ್ತಿರುವುದು ನೋವಿನ ಸಂಗತಿ. ಬಸವ ವಸತಿಯಂತಹ ಯೋಜನೆಗಳಲ್ಲಿ ಕಟ್ಟುವ ಪ್ರತಿ ಮನೆಯ ಅಡುಗೆಕೋಣೆಗೂ ಬಚ್ಚಲಿಗೂ ಹೊಗೆಗೂಡು ಮತ್ತು ಎದುರುಬದುರು ಕಿಟಕಿಗಳನ್ನು ಸರ್ಕಾರ ಕಡ್ಡಾಯಗೊಳಿಸಬೇಕು. ಬಸುರಿ, ಬಾಣಂತಿಯರನ್ನು ಕಾಣಲು ಹೋಗುವ ಆಶಾ ಕಾರ್ಯಕರ್ತೆಯರು ತೂಕ, ರಕ್ತಹೀನತೆಯ ಜೊತೆಗೆ ಒಲೆ ಯಾವುದು, ಹೊಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಬರೆದುಕೊಳ್ಳುವಂತೆ ಆರೋಗ್ಯ ಇಲಾಖೆ ಸೂಚಿಸಲಿ.

– ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ, ಶಿರಾ ತಾಲ್ಲೂಕು